ದರ್ಜಿಯ ಇಬ್ಬನಿ ಪಟ್ಟಿ

"ಗುರುಗಳೇ, ಹಂಬಲವನ್ನು ಸಣ್ಣದಾಗಿ ಇಟ್ಟುಕೊಂಡರೆ ದುಃಖವೂ ಸಣ್ಣದಾಗಿರುತ್ತದೆ, ಅಲ್ಲವೇ?"

ಗಿರಿಮಲ್ಲ ಹೀಗೆ ಕೇಳಿದಾಗ ಗುರುಗಳು ಮಠದ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಗಿರಿಮಲ್ಲ ಮಠಕ್ಕೆ ಬಂದದ್ದು ದೀಕ್ಷೆಗಾಗಿ. ಅವನ ನಂತರ ಬಂದವರು ದೀಕ್ಷೆ ಪಡೆದು ಹೋದರು. ಅವನು ನೀರು ಹೊರುತ್ತ, ಅಂಗಳ ಗುಡಿಸುತ್ತ ಉಳಿದ. ಬಂದ ಹೊಸದರಲ್ಲಿ ಒಮ್ಮೆ, "ತಮಗೆ ಯಾವಾಗ ಅನುಕೂಲವೋ ಆಗ" ಎಂದಿದ್ದ. ಆಮೇಲೆ ಆ ಮಾತನ್ನು ಎತ್ತಲಿಲ್ಲ. ಆಸೆಯೇನೋ ಬಂದ ದಿನ ಎಷ್ಟಿತ್ತೋ ಅಷ್ಟೇ ಇತ್ತು.

ಗುರುಗಳು ಕಾಯಿ ಸುಲಿಯುತ್ತಲೇ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿಯಿದ್ದ. ಅವನಿಗೊಬ್ಬ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಅವಳೇ ಸಾಕಿದವಳು. ಅವಳು ಹುಡುಗಿಯಾಗಿದ್ದಾಗ ಆಕಾಶದಲ್ಲಿ ಬಾಲಚುಕ್ಕಿ ಬಂದಿತ್ತು. ಊರೆಲ್ಲ ಮಾಳಿಗೆ ಹತ್ತಿ ನೋಡಿತು. ತಮ್ಮ ತೊಟ್ಟಿಲಲ್ಲಿ ಅಳುತ್ತಿದ್ದ. ಅವನನ್ನು ತೂಗುತ್ತ ಅವಳು ಒಳಗೇ ಉಳಿದಳು.

ಅಕ್ಕನಿಗೆ ವಯಸ್ಸಾಯಿತು. ಒಂದು ಕಣ್ಣು ಹೋಯಿತು. ಇನ್ನೊಂದು ಯುಗಾದಿಯವರೆಗೆ ಉಳಿದರೆ ಹೆಚ್ಚು ಎಂದರು ಡಾಕ್ಟರು. ಅದೇ ಚಳಿಗಾಲ ಇನ್ನೊಂದು ಬಾಲಚುಕ್ಕಿ ಬರುವ ಸುದ್ದಿ ಬಂತು. ಈ ಸಲದ್ದು ಬಲು ಮಂಕು. ಬರಿಗಣ್ಣಿಗೆ ಕಾಣದು. ನಸುಕಿನಲ್ಲಿ ಸ್ವಲ್ಪ ಹೊತ್ತು ಮೂಡಣದಲ್ಲಿದ್ದು, ಬೆಳಕು ಹರಿದ ಕೂಡಲೇ ಮರೆಯಾಗುವಂಥದ್ದು.

"ಅದೊಂದು ನೋಡಿಬಿಟ್ಟರ, ಕಣ್ಣು ಹೋದರೂ ಹೋಗ್ಲಿ" ಎಂದಳು ಅಕ್ಕ.

ಆಕೆ ಅವನಲ್ಲಿ ಏನಾದರೂ ಬೇಕೆಂದದ್ದು ಅದೇ ಮೊದಲು. ದರ್ಜಿಗೆ ಅಂದಿನಿಂದ ಊಟ ಸೇರಲಿಲ್ಲ. ಹಗಲೆಲ್ಲ ಹೊಲಿಗೆ ಯಂತ್ರ ತುಳಿಯುತ್ತಿದ್ದ, ಮನಸ್ಸು ಮಾಳಿಗೆಯ ಮೇಲಿರುತ್ತಿತ್ತು. ಪೇಟೆಗೆ ಹೋಗಿ ಒಂದು ದೂರದರ್ಶಕ ತಂದ. ಮಾರಿದವನು ಒಂದು ಎಚ್ಚರಿಕೆ ಹೇಳಿ ಕಳಿಸಿದ. ಆಕಾಶ ತಿಳಿಯಾಗಿರುವ ರಾತ್ರಿಯೇ ಇಬ್ಬನಿ ಹೆಚ್ಚು. ಗಾಜಿನ ಮೇಲೆ ಇಬ್ಬನಿ ಕುಳಿತರೆ ಏನೂ ಕಾಣುವುದಿಲ್ಲ. ಅದಕ್ಕೆ ಗಾಜಿನ ಸುತ್ತ ಬಿಸಿ ಪಟ್ಟಿ ಕಟ್ಟಬೇಕು. ಗಾಜು ಉಗುರುಬೆಚ್ಚಗಿದ್ದರೆ ಸಾಕು, ಹನಿ ಕೂರುವುದಿಲ್ಲ.

ಪಟ್ಟಿಯನ್ನು ದರ್ಜಿ ತಾನೇ ಹೊಲಿದ. ಎರಡು ಪದರ ಬಟ್ಟೆಯ ನಡುವೆ ಬಿಸಿಯಾಗುವ ತಂತಿ. ಅದರ ಯುಎಸ್‌ಬಿ ತುದಿಯನ್ನು ಚುಚ್ಚಲು ಒಂದು ಪವರ್ ಬ್ಯಾಂಕ್. ಶಾಖ ಏರಿಸಿ ಇಳಿಸಲು ನಡುವೆ ಒಂದು ಗುಂಡಿ. ಚಳಿಗೆ ಪವರ್ ಬ್ಯಾಂಕಿನ ಕಸುವು ಬೇಗ ಇಳಿಯುತ್ತದೆಂದು ಯಾರೋ ಹೇಳಿದ್ದರು. ಅದಕ್ಕೂ ಒಂದು ಫ್ಲಾನಲ್ ಚೀಲ ಹೊಲಿದು, ಒಳಗೆ ಕೂಡಿಸಿ, ಗುಂಡಿ ಹಾಕಿದ. ಮದುಮಗನಿಗೂ ಅವನು ಅಷ್ಟು ಅಚ್ಚುಕಟ್ಟಾಗಿ ಹೊಲಿದಿರಲಿಲ್ಲ.

ಅವನು ಗೇಣು ಬಟ್ಟೆಯನ್ನೂ ಹಾಳುಮಾಡದ ದರ್ಜಿ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಹಾಗಿರಲಿ, ಅವನು ಹಾಸಿಗೆ ಉಳಿಯಲೆಂದು ಮುದುಡಿ ಮಲಗುವವನು. ಶಾಖವನ್ನು ಪೂರ್ತಿ ಇಟ್ಟರೆ ನಸುಕಿನ ಹೊತ್ತಿಗೆ ಪವರ್ ಬ್ಯಾಂಕ್ ಬರಿದಾದರೆ ಏನು ಗತಿ ಎಂದು ಅವನಿಗೆ ದಿಗಿಲು. ನೆರೆಯವನ ಬಳಿ ಇನ್ನೊಂದಿತ್ತು. ಕೇಳಲು ಸಂಕೋಚವಾಯಿತು. ಶಾಖದ ಗುಂಡಿಯನ್ನು ತಿರುವಿ ಎಲ್ಲಕ್ಕಿಂತ ಕಡಿಮೆಗೆ ಇಟ್ಟ.

ಬಾಲಚುಕ್ಕಿ ಕಾಣುವ ದಿನಗಳೆಲ್ಲ ಮೋಡದಲ್ಲೇ ಕಳೆದವು. ಕೊನೆಯ ದಿನ ಸಂಜೆ ಆಕಾಶ ತೊಳೆದಿಟ್ಟಂತೆ ತಿಳಿಯಾಯಿತು. ದರ್ಜಿ ಕತ್ತಲಾಗುತ್ತಲೇ ಮಾಳಿಗೆಯ ಮೇಲೆ ದೂರದರ್ಶಕ ನಿಲ್ಲಿಸಿದ. ಪಟ್ಟಿ ಕಟ್ಟಿದ, ತಂತಿ ಚುಚ್ಚಿದ, ಪವರ್ ಬ್ಯಾಂಕಿನ ಹಸಿರು ದೀಪ ಹತ್ತಿದ್ದನ್ನು ಕಣ್ಣಾರೆ ಕಂಡ. ಚೀಲದ ಬಾಯಿ ಮುಚ್ಚಿ ಕೆಳಗಿಳಿದ. ಹನಿಗೂಡಿದರೆ ಹಳ್ಳ ಎಂದು ನಂಬಿದ್ದವನು. ಆ ರಾತ್ರಿ ಹನಿ ಕೂಡಿಸುವ ಕೆಲಸ ಬೇರೆ ಕಡೆ ನಡೆದಿತ್ತು, ಪಾಪ, ಅವನಿಗೆ ತಿಳಿಯಲಿಲ್ಲ.

ನಸುಕಿನಲ್ಲಿ ಅಕ್ಕನನ್ನು ಕೈಹಿಡಿದು ಮಾಳಿಗೆಗೆ ಕರೆತಂದ. ಮೊದಲ ನೋಟ ಅವಳದೇ ಆಗಲೆಂದು ತಾನು ನೋಡಲಿಲ್ಲ. ಪತ್ರಿಕೆಯಲ್ಲಿ ಹೇಳಿದ ದಿಕ್ಕಿಗೆ ದೂರದರ್ಶಕ ತಿರುಗಿಸಿ ಅವಳನ್ನು ಬಗ್ಗಿಸಿದ. ಅವಳು ಬಹಳ ಹೊತ್ತು ನೋಡಿದಳು.

"ಬೆಳ್ಳಗ ಕಾಣತೈತಿ. ಹಿಂಜಿದ ಹತ್ತಿ ಇದ್ದಂಗ. ಬಾಲ ಯಾವ ಕಡಿ ಐತೋ ತಮ್ಮಾ?"

ದರ್ಜಿ ಬಗ್ಗಿ ನೋಡಿದ. ಈ ಅಂಚಿನಿಂದ ಆ ಅಂಚಿಗೆ ಬರೀ ಬಿಳಿ. ಗಾಜು ಮುಟ್ಟಿದ, ಕೈ ಒದ್ದೆಯಾಯಿತು. ಚೀಲ ಬಿಚ್ಚಿದ, ದೀಪ ಆರಿತ್ತು. ಪಂಚೆಯ ತುದಿಯಿಂದ ಒರೆಸಿದ. ಒರೆಸಿದಷ್ಟೂ ಮಂಜು ಕವಿಯಿತು. ದೂರದರ್ಶಕಕ್ಕೆ ಶಾಲು ಸುತ್ತಿ ಅಪ್ಪಿಕೊಂಡು ಕುಳಿತ. ಗಾಜು ತಿಳಿಯಾಗುವ ಹೊತ್ತಿಗೆ ಮೂಡಣ ಕೆಂಪಾಗಿ, ಹಕ್ಕಿಗಳು ಎದ್ದಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಯಾಕೋ, ಏನಾತು?" ಎಂದಳು ಅಕ್ಕ.

"ಏನಿಲ್ಲಕ್ಕ. ಮರೆಯಾತು" ಎಂದ.

ಅಂದೇ ಪವರ್ ಬ್ಯಾಂಕನ್ನು ಕೊಂಡ ಅಂಗಡಿಗೇ ಒಯ್ದು ಎದುರಿಗಿಟ್ಟ. "ಕೆಟ್ಟದ್ದನ್ನ ಕೊಟ್ಟೀರಿ" ಎಂದ. ಅವನು ಜೀವಮಾನದಲ್ಲಿ ಯಾರ ಮೇಲಾದರೂ ಸಿಟ್ಟಾದದ್ದು ಅದೊಂದೇ ಸಲ. ಅಂಗಡಿಯವನು ಫೋನು ಚುಚ್ಚಿ ನೋಡಿದ. ದೀಪ ಹತ್ತಿತು.

"ಕೆಟ್ಟಿಲ್ರೀ. ಶಾಖ ಎಷ್ಟಕ್ಕ ಇಟ್ಟಿದ್ರಿ?"

"ಎಲ್ಲಕ್ಕಿಂತ ಕಡಿಮಿ."

"ಅದಕ್ಕರೀ. ಇಂಥಾವು ಫೋನಿಗಂತ ಮಾಡಿದ್ದು. ಕರೆಂಟ್ ಜಗ್ಗೋದು ತೀರಾ ಕಡಿಮಿ ಆತಂದ್ರ, ಯಾರಿಗೂ ಬೇಕಾಗಿಲ್ಲ ಅಂತ ತಿಳಕೊಂಡು ತಾನಾ ಆರಿಬಿಡತೈತಿ."

"ಹಂಗಾರ ಒಳಗ..."

"ತುಂಬಾ ಐತ್ರೀ. ಖರ್ಚ ಆಗಿಲ್ಲ."

ದರ್ಜಿ ಅದನ್ನು ಕೈಯಲ್ಲಿ ಹಿಡಿದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತ. ಅಲ್ಲಿಯೇ ಅತ್ತ. ಬರುವವರು ಹೋಗುವವರು ಅವನನ್ನು ದಾಟಿಕೊಂಡು ಹೋದರು.

ಯುಗಾದಿಗೆ ಮೊದಲೇ ಅಕ್ಕನ ಕಣ್ಣು ಪೂರ್ತಿ ಹೋಯಿತು. ಅವಳಿಗೆ ಅದರ ಕೊರಗಿರಲಿಲ್ಲ. ಮನೆಗೆ ಬಂದವರಿಗೆಲ್ಲ ಅವಳು ಹೇಳುತ್ತಿದ್ದಳು, "ನಮ್ಮ ತಮ್ಮ ನನಗ ಬಾಲಚುಕ್ಕಿ ತೋರಿಸಿದಾ. ಬೆಳ್ಳಗಿತ್ತು. ಬಾಲ ಒಂದು ಕಾಣಲಿಲ್ಲ." ದರ್ಜಿ ಕೊರಳಿಗೆ ಟೇಪು ಹಾಕಿಕೊಂಡು ಪಕ್ಕದಲ್ಲೇ ನಿಂತು ಕೇಳುತ್ತಿದ್ದ. ನಿಜ ಹೇಳಲು ಬಾಯಿ ಬರುತ್ತಿರಲಿಲ್ಲ. ಆಮೇಲೂ ಅವನು ಬೆಳಗಿನ ಜಾವ ಎದ್ದು ಮಾಳಿಗೆ ಹತ್ತುತ್ತಿದ್ದನಂತೆ. ಅಲ್ಲಿ ನೋಡಲು ಏನೂ ಇರಲಿಲ್ಲ. ಆದರೂ ಹತ್ತುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಗಿರಿಮಲ್ಲನ ಕಣ್ಣು ತುಂಬಿತ್ತು.

"ಆ ಪವರ್ ಬ್ಯಾಂಕನ್ನು ಏಕೆ ದೂರಬೇಕು ಗುರುಗಳೇ? ಅವನ ಎದೆಯಲ್ಲಿ ಏನಿತ್ತೆಂದು ಅದಕ್ಕೆ ಹೇಗೆ ತಿಳಿಯಬೇಕು?" ಎಂದ.

ಗುರುಗಳು ಅವರೆಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿ ಅವನ ಮುಖ ನೋಡಿದರು.

"ನನಗೂ ತಿಳಿದಿರಲಿಲ್ಲ ಗಿರಿಮಲ್ಲ, ನಿನಗೆ ದೀಕ್ಷೆ ಬೇಡವಾಯಿತೆಂದೇ ಇಷ್ಟು ವರ್ಷ ಅಂದುಕೊಂಡಿದ್ದೆ."