ತಿಪ್ಪೆಯೊಳಗೆ ಉಣ್ಣಲು ಕೂತ ಬೆಂಕಿ

ಲೋಕ ಆಗಷ್ಟೇ ಹುಟ್ಟಿತ್ತು. ಬೆಟ್ಟಗಳ ಮೈ ಇನ್ನೂ ಆರಿರಲಿಲ್ಲ, ಹಸುಗಳು ಇನ್ನೂ ಕಾಡಿನಲ್ಲೇ ಇದ್ದವು. ಮಣ್ಣು, ಗಾಳಿ, ಬೆಂಕಿ ಎಲ್ಲಕ್ಕೂ ಬಾಯಿತ್ತು. ಬಾಯಿದ್ದ ಮೇಲೆ ಸುಮ್ಮನಿರುತ್ತವೆಯೇ? ದಿನವೆಲ್ಲ ಮಾತೇ ಮಾತು.

ಆಗ ದ್ಯಾವಮ್ಮ ಎಂಬ ಹೆಂಗಸು ಮೊಟ್ಟಮೊದಲ ಭತ್ತ ಬೆಳೆದಳು. ಕೊಯ್ದಳು, ಬಡಿದಳು, ಕಾಳನ್ನು ಮನೆಗೆ ತಂದಳು. ಕಣದಲ್ಲಿ ಹುಲ್ಲು ಉಳಿಯಿತು. ಒಣಗಿ, ಬಿಳಿಚಿಕೊಂಡು, ಉದ್ದಕ್ಕೆ ಮಲಗಿತ್ತು.

"ಅಯ್ಯೋ, ನನ್ನ ಭತ್ತ ಸತ್ತೇಹೋಯ್ತಲ್ಲಾ!" ಎಂದು ದ್ಯಾವಮ್ಮ ಎದೆ ಬಡಿದುಕೊಂಡಳು. ಸತ್ತವರನ್ನು ಹಾಗೇ ಬಿಡುವುದುಂಟೇ? ಅರಿಶಿನದ ನೀರು ಚಿಮುಕಿಸಿದಳು, ಹೂವಿಟ್ಟಳು, ಬೆಂಕಿಯನ್ನು ಕರೆದಳು. ಬೆಂಕಿ ಬಂದು ಗಬಗಬನೆ ತಿಂದಿತು. ಮೂರು ದಿನ ದ್ಯಾವಮ್ಮ ಒಲೆ ಹಚ್ಚಲಿಲ್ಲ. ಪಾಪ, ಅಷ್ಟು ದುಃಖ.

ಮರುವರ್ಷವೂ ಹಾಗೇ. ಅದರ ಮರುವರ್ಷವೂ ಹಾಗೇ. ಹೊಗೆ ಕುಡಿದು ಗಾಳಿ ಕೆಮ್ಮಿತು. ಎರೆಹುಳುಗಳು ಊರು ಬಿಟ್ಟವು. ನಾಲ್ಕನೆಯ ವರ್ಷ ಬೆಳೆದ ಕಾಳೆಲ್ಲ ಒಂದೇ ಮೊರದಲ್ಲಿ ಹಿಡಿಯಿತು. ಅದರಲ್ಲಿ ಉಣ್ಣುವುದೆಷ್ಟು, ಬಿತ್ತುವುದೆಷ್ಟು? ದ್ಯಾವಮ್ಮ ಮೊರ ಹಿಡಿದುಕೊಂಡೇ ಗದ್ದೆಗೆ ಓಡಿದಳು.

"ಯಾಕವ್ವಾ ಹಿಂಗ್ ಮಾಡ್ದೆ?" ಎಂದು ಮಣ್ಣನ್ನು ಕೇಳಿದಳು.

"ಹಸಿವು ಮಗಳೇ," ಎಂದಿತು ಮಣ್ಣು. "ಕಾಳು ನೀನು ತಗೊಂಡೆ, ಹುಲ್ಲು ಬೆಂಕಿಗೆ ಹಾಕ್ದೆ. ನನ್ನ ಬಾಯಿಗೇನು ಬಂತು?"

"ಅದು ಸತ್ತೋಗಿರೋ ಹುಲ್ಲಲ್ವೇನವ್ವಾ!"

"ಸತ್ತಿಲ್ಲ ಕಣೇ, ಸುಸ್ತಾಗಿದೆ. ನನ್ನ ಮಡಿಲಿಗೆ ಹಾಕು."

ಇದು ಕಿವಿಗೆ ಬಿದ್ದದ್ದೇ ಬೆಂಕಿ ಧಗ್ಗನೆ ಎದ್ದಿತು. "ಅಕ್ಕಾ, ಹುಲ್ಲು ನಂದು! ನಾನು ಉಪವಾಸ ಬಿದ್ದು ಸತ್ರೆ ನಿಂಗೆ ಅನ್ನ ಬೇಯ್ಸೋರ್ಯಾರು?"

ಅದೂ ಸರಿಯೇ. ಮಣ್ಣು ಮುನಿದರೆ ಅಕ್ಕಿಯಿಲ್ಲ, ಬೆಂಕಿ ಮುನಿದರೆ ಅನ್ನವಿಲ್ಲ. ಹುಲ್ಲೋ, ಇರುವುದೇ ಒಂದು ರಾಶಿ. ದ್ಯಾವಮ್ಮ ತಲೆಯ ಮೇಲೆ ಕೈಹೊತ್ತು ಕೂತಳು. ಕೂತು ಕೂತು, ಕೊನೆಗೆ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಇಬ್ರೂ ಒಂದೇ ಎಲೇಲಿ ಉಣ್ಣಿ. ಬೆಂಕಪ್ಪಾ, ನೀನು ಗಬಗಬ ತಿಂದ್ರೆ ಬರೀ ಬೂದಿ ಉಳಿಯುತ್ತೆ. ಬಾಯಿ ಮುಚ್ಕೊಂಡು ನಿಧಾನಕ್ಕೆ ತಿನ್ನು. ಮಿಕ್ಕಿದ್ದು ಅವ್ವಂಗೆ."

ಒಂದು ಪದರ ಹುಲ್ಲು, ಒಂದು ಪದರ ಹಸಿಸೊಪ್ಪು, ಮೇಲೆ ನೀರು. ಮತ್ತೆ ಹುಲ್ಲು, ಮತ್ತೆ ಸೊಪ್ಪು, ಮತ್ತೆ ನೀರು. ಬೆಂಕಿ ಗೊಣಗುತ್ತಲೇ ಒಳಗೆ ನುಸುಳಿತು. ದ್ಯಾವಮ್ಮ ಮೇಲೆ ಕೆಸರು ಮೆತ್ತಿದಳು.

ಹೊಗೆಯಿಲ್ಲ. ಉರಿಯಿಲ್ಲ. ಸದ್ದೂ ಇಲ್ಲ. ಒಂದು ದಿನವಾಯಿತು, ಎರಡು ದಿನವಾಯಿತು. "ಅಯ್ಯಯ್ಯೋ, ನೀರು ಸುರಿದು ಬೆಂಕಪ್ಪನ್ನ ಕೊಂದೇಬಿಟ್ನಾ?" ಎಂದು ದ್ಯಾವಮ್ಮ ಗುಡ್ಡೆಗೆ ಸುತ್ತು ಹಾಕಿದಳು. ಮೂರನೆಯ ದಿನ ತಡೆಯಲಾರದೆ ಗುಡ್ಡೆಯೊಳಗೆ ಮೊಣಕೈವರೆಗೂ ಕೈ ತೂರಿಸಿದಳು.

ಬೆಚ್ಚಗಿತ್ತು!

"ಸುಮ್ನಿರಕ್ಕಾ, ಉಣ್ತಾ ಇದೀನಿ," ಎಂದಿತು ಒಳಗಿನ ಬೆಂಕಿ. "ನಿಧಾನಕ್ಕೆ ತಿಂದ್ರೆ ಇಷ್ಟು ರುಚಿ ಅಂತ ಮೊದ್ಲೇ ಹೇಳ್ಬಾರ್ದಾ?"

ದ್ಯಾವಮ್ಮ ಅಲ್ಲೇ ಕುಸಿದು ಕೂತಳು. ನಕ್ಕಳು, ಅತ್ತಳು, ಮತ್ತೆ ನಕ್ಕಳು. ಅಬ್ಬಾ, ಎಂಥ ನೆಮ್ಮದಿ!

ಮಳೆ ಬರುವ ಹೊತ್ತಿಗೆ ಗುಡ್ಡೆಯೆಲ್ಲ ಕಪ್ಪು ಗೊಬ್ಬರವಾಗಿತ್ತು. ಮಣ್ಣು ಹೊಟ್ಟೆ ತುಂಬ ಉಂಡು ತೇಗಿತು. ಎರೆಹುಳುಗಳು ಗಂಟುಮೂಟೆ ಸಮೇತ ವಾಪಸು ಬಂದವು. ಆ ವರ್ಷ ಕಾಳು ತುಂಬಲು ದ್ಯಾವಮ್ಮನ ಮನೆಯ ಮೊರ, ಮಡಕೆ, ಬುಟ್ಟಿ ಯಾವುದೂ ಸಾಲಲಿಲ್ಲ.

ಅಂದಿನಿಂದ ಬೆಂಕಿ ತಿಪ್ಪೆಯೊಳಗೆ ಬಾಯಿ ಮುಚ್ಚಿಕೊಂಡು ಉಣ್ಣುತ್ತಲೇ ಇದೆ. ಅದಕ್ಕೇ ಚಳಿಗಾಲದ ಬೆಳಗ್ಗೆ ತಿಪ್ಪೆಯ ಮೇಲೆ ಅದರ ಬಿಸಿಯುಸಿರು ಹಬೆಯಾಗಿ ಏಳುತ್ತದೆ, ಬೀದಿನಾಯಿ ಅಲ್ಲೇ ಮುದುಡಿಕೊಂಡು ಬೆಚ್ಚಗೆ ನಿದ್ದೆ ಹೊಡೆಯುತ್ತದೆ.