ತೂತಿಗೆ ಇಳಿದ ರಾಜ

ಕಣ್ಣು ಕಾಣದ ತುಂಗವ್ವ ತಮ್ಮನ ಎದುರು ಚದುರಂಗಕ್ಕೆ ಕೂತಳು. ಯಾವ ಕಾಯಿ ಎಲ್ಲಿದೆಯೆಂದು ಬೆರಳಿನಿಂದ ತಡವಿದಳು. ಅರ್ಧಕ್ಕರ್ಧ ಕಾಯಿಗಳು ಉರುಳಿಬಿದ್ದವು.

ಬಿದ್ದಲ್ಲಿಂದಲೇ ಕರಿ ರಾಜ ಗುಡುಗಿದ: "ಇವಳನ್ನು ಕರೆದವರು ಯಾರು? ನನ್ನದು ಕೆಲವೇ ಜಾಣರ ಆಟ. ಬಂದವರಿಗೆಲ್ಲ ಬಾಗಿಲು ತೆಗೆದರೆ ನನಗೇನು ಬೆಲೆ ಉಳಿಯಿತು?"

ಪಕ್ಕದಲ್ಲಿದ್ದ ಅಳಗುಳಿ ಮಣೆಗೆ ಮೈಯೆಲ್ಲ ಉರಿಯಿತು. ಅದರ ಗುಳಿಗಳನ್ನು ತಡವಿಯೇ ತುಂಗವ್ವ ಮನೆಮಂದಿಯನ್ನೆಲ್ಲ ಸೋಲಿಸಿದ್ದಳು.

"ಆಟ ಸುಲಭ ಮಾಡು ಅಂತ ಅವಳು ಕೇಳಿದಳೇನು? ಮುಟ್ಟಿದರೆ ಬೀಳದ ಹಾಗೆ ನಿಂತುಕೋ, ಸಾಕು. ಉರುಳಿ ಬೀಳುವುದನ್ನೂ ದೊಡ್ಡಸ್ತಿಕೆ ಅಂದುಕೊಂಡಿದ್ದೀಯಲ್ಲ, ನಾಚಿಕೆಯಾಗುವುದಿಲ್ಲವೇ?"

ಅಕ್ಕನಿಗಾಗಿ ತಮ್ಮನೇ ಹಲಗೆಯ ಪ್ರತಿ ಮನೆಗೂ ತೂತು ಕೊರೆದು, ಕಾಯಿಗಳ ಬುಡಕ್ಕೆ ಕಡ್ಡಿ ಸಿಕ್ಕಿಸಿದ. ಕೈಗೆ ಗುರುತು ಸಿಗಲೆಂದು ಕರಿಕಾಯಿಗಳ ನೆತ್ತಿಗೆ ಮೊಳೆ ಹೊಡೆದ.

"ನನ್ನನ್ನು ಮಕ್ಕಳಾಟ ಮಾಡಿಬಿಟ್ಟರು," ಎಂದು ರಾಜ ಹಲ್ಲು ಕಡಿಯುತ್ತ ತೂತಿಗೆ ಇಳಿದ.

ಸಂಜೆಯ ಹೊತ್ತಿಗೆ ತುಂಗವ್ವನ ಕುದುರೆ, ಆನೆಗಳು ಅವನನ್ನು ಮೂಲೆಗೆ ಒತ್ತಿದ್ದವು. ಅತ್ತ ನೋಡಿದ, ಇತ್ತ ನೋಡಿದ. ಹೋಗಲು ಒಂದು ಮನೆಯೂ ಉಳಿದಿರಲಿಲ್ಲ.

"ಮಕ್ಕಳಾಟ ಅಂದೆಯಲ್ಲ," ಎಂದಿತು ಅಳಗುಳಿ ಮಣೆ. "ತಪ್ಪಿಸಿಕೋ, ನೋಡೋಣ."