ಬೂದತ್ತೆ ಮರಿ ನೋಡಲು ಬಂದದ್ದು

ಕೆಂಚಿ ಹೇಂಟೆ ಮರಿ ಮಾಡಿದ ಸುದ್ದಿ ಕಿವಿಗೆ ಬಿದ್ದಿದ್ದೇ ತಡ, ಕೇರಿಯ ಮುದಿಕೋಳಿ ಬೂದತ್ತೆ ಸೀನುತ್ತಾ, ಮೂಗು ಸುರಿಸುತ್ತಾ ನೋಡೋಕೆ ಬಂದಳು. ಬಾರದಿದ್ದರೆ ತಿಂದ ಕಾಳು ಅರಗಬೇಕಲ್ಲ!

“ಅತ್ತೆ, ನಿಮಗೆ ಶೀತ ಆದಂಗಿದೆ. ಬಾಗಿಲಲ್ಲೇ ನಿಂತು ಹರಸಿ,” ಅಂದಳು ಕೆಂಚಿ.

“ಶೀತವೂ ಇಲ್ಲ, ಗೀತವೂ ಇಲ್ಲ. ಒಂಚೂರು ಧೂಳು ಕಣೇ. ಮರಿಗೆ ಮೊದಲ ಕಾಳು ಹಿರಿಯರ ಬಾಯಿಂದಲೇ ಹೋಗಬೇಕು. ನಿನ್ನ ಗಂಡನಿಗೂ ನಾನೇ ಇಟ್ಟಿದ್ದು. ಬೇಡ ಅಂದರೆ ನಾಲ್ಕು ಜನ ಏನಂದಾರು?”

ಆ ನಾಲ್ಕು ಜನರಿಗೆ ಚಾಡಿ ಹೇಳುವವಳೂ ಇವಳೇ ಅಂತ ಕೆಂಚಿಗೆ ಗೊತ್ತು. ಹೆದರಿ ಬಾಗಿಲು ಬಿಟ್ಟು ಸರಿದಳು. ಬೂದತ್ತೆ ತನ್ನ ಬಾಯಲ್ಲಿ ನೆನೆಸಿದ ನುಚ್ಚನ್ನು ಒಂದೊಂದೇ ಮರಿಯ ಕೊಕ್ಕಿಗಿಟ್ಟು, ಕಡೆಯದರ ಮುಖದ ಮೇಲೇ ಸೀನಿ ಹೋದಳು.

ವಾರ ತುಂಬುವುದರೊಳಗೆ ಮರಿಗಳ ಗಂಟಲೆಲ್ಲ ಗೊರಗೊರ. ಕಡೆಯ ಮರಿ ಉಸಿರೆಳೆಯಲಾರದೆ ಸತ್ತೇ ಹೋಯಿತು. ಬೂದತ್ತೆ ಕೇರಿಯ ಕೋಳಿಗಳನ್ನೆಲ್ಲ ಕಟ್ಟಿಕೊಂಡು ಅಳುತ್ತಾ ಬಂದಳು. “ಅಯ್ಯೋ, ಆ ಮರದ ಮೇಲಿನ ಹಾಳು ಕಾಗೆಯ ದೃಷ್ಟಿ ತಾಗಿತಲ್ಲೇ!”

ಕೆಂಚಿ ಪುಕ್ಕ ಕೆದರಿ ಹಾರಿದವಳೇ ಅವಳ ಜುಟ್ಟು ಕುಕ್ಕಿದಳು. “ಕಾಗೆ ಮರದಿಂದ ಇಳಿಯಲೇ ಇಲ್ಲ. ನನ್ನ ಮರಿಗೆ ತಾಗಿದ್ದು ಯಾರ ಕಣ್ಣೂ ಅಲ್ಲ, ನಿನ್ನ ಮೂಗು! ಉಳಿದವುಗಳ ಹತ್ತಿರ ಬಂದರೆ ಮೈಮೇಲೆ ಒಂದು ಗರಿ ಉಳಿಸಲ್ಲ, ಹೊರಡು!”

ಅವತ್ತಿಂದ ಮರಿ ಇರುವ ಹೇಂಟೆ ಹತ್ತಿರ ಯಾರೇ ಹೋದರೂ ಮೇಲೆರಗುತ್ತದೆ. ಅದಕ್ಕೆ ಸೊಕ್ಕು ಅಂತಾರೆ. ಹಾಗನ್ನುವವರ ಮೂಗನ್ನು ಮೊದಲು ನೋಡಿ, ಸುರಿಯುತ್ತಿರುತ್ತದೆ.